ತಾತನ ಚೀಟಿಯ ಬಲಗಡೆ

ನಮ್ಮ ತಾತನ ಗಡಿಯಾರ ರಿಪೇರಿ ಅಂಗಡಿ ಎಷ್ಟು ಚಿಕ್ಕದೆಂದರೆ, ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಹೋಗಬೇಕಿತ್ತು. ಇಂದಿಗೂ ಎಲ್ಲಾದರೂ ಗಡಿಯಾರಕ್ಕೆ ಹಾಕುವ ಆ ಎಣ್ಣೆಯ ವಾಸನೆ ಬಂದರೆ ಸಾಕು, ನಾನು ಏಳನೇ ಕ್ಲಾಸಿನ ಹುಡುಗಿಯಾಗಿಬಿಡುತ್ತೇನೆ.

ಕೆಟ್ಟ ಗಡಿಯಾರದ ಜೊತೆ ಗಿರಾಕಿಗಳು ಒಂದು ಕಥೆಯನ್ನೂ ತರುತ್ತಿದ್ದರು. "ಭಾವಮೈದ ಕಟ್ಕೊಂಡ ಮೇಲೇ ಇದು ನಿಂತಿದ್ದು. ಅವನ ಕೈಗುಣವೇ ಅಂಥದ್ದು."

ತಾತ ಒಂದು ಚೀಟಿಯ ಮಧ್ಯೆ ಗೆರೆ ಎಳೆದು, ಎಡಗಡೆ 'ಹೇಳಿದ್ದು' ಎಂದು ಅದನ್ನೆಲ್ಲ ಬರೆಯುತ್ತಿದ್ದರು. ಆಮೇಲೆ ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಬಲಗಡೆ 'ಕಂಡಿದ್ದು' ಎಂದು ಬರೆಯುತ್ತಿದ್ದರು: ಧೂಳು. ಭಾವಮೈದ ಪಾರಾಗುತ್ತಿದ್ದ.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ ಪುಟ್ಟಿ," ಎನ್ನುತ್ತಿದ್ದರು. "ಆಮೇಲೆ ಆಯ್ತು ಅಂದ್ರೆ ಅದರಿಂದಲೇ ಆಯ್ತು ಅಂತಲ್ಲ."

ಅಂಥ ತಾತನ ಕಣ್ಣಿಗೇ ಪೊರೆ ಬಂತು. ಸಣ್ಣ ಸ್ಕ್ರೂಗಳು ಕೈಜಾರತೊಡಗಿದವು. ಅಂಗಡಿ ಮುಚ್ಚಬೇಕಾದೀತೆಂದು ಮನೆಯವರಿಗೆಲ್ಲ ಭಯ. ಕಣ್ಣಾಸ್ಪತ್ರೆಯ ಡಾಕ್ಟರು ಪರೀಕ್ಷಿಸಿ ಆಪರೇಷನ್ ಹೇಳಿದರು. ತಾತ ಮಾತ್ರ ಬೀದಿಯಲ್ಲಿ ಮಾರುವವನಿಂದ ಒಂದು ಸೀಸೆ ಕಣ್ಣಿನ ಔಷಧಿ ತಂದು, ಹದಿನೈದು ದಿನ ಹನಿ ಹಾಕಿಕೊಂಡರು.

ಪಕ್ಕದ ಮನೆಯ ನರ್ಸಕ್ಕ ಅಂಗಡಿಗೇ ಬಂದಳು. "ಹನಿಯಿಂದ ಪೊರೆ ಹೋಗಲ್ಲ ತಾತ. ಆಪರೇಷನ್ನೇ ಆಗ್ಬೇಕು."

"ನೀನೇ ಸೋಡಾಬುಡ್ಡಿ ಕನ್ನಡಕ ಹಾಕಿದೀಯ. ನನ್ನ ಕಣ್ಣಿನ ವಿಷಯ ನೀನೇನಮ್ಮ ಹೇಳೋದು?"

"ನನ್ನ ಕಣ್ಣು ಹೇಗಾದ್ರೂ ಇರ್ಲಿ. ನಾನು ಹೇಳಿದ್ದು ನಿಜಾನಾ ಸುಳ್ಳಾ, ಅದನ್ನ ನೋಡಿ."

"ಮಾರ್ಕೆಟ್ಟಿನವರೆಲ್ಲ ತಗೊಂಡಿದಾರೆ. ಸೀಸೆ ಮೇಲೆ ಸಿನಿಮಾ ಹೀರೋ ಫೋಟೋನೇ ಇದೆ. ಆಪರೇಷನ್ ಮಾಡಿಸಿದ್ರೆ ಜೀವನಪೂರ್ತಿ ಕತ್ತಲೆ ಅಂದ ಆ ಮಾರೋನು. ನಮ್ಮ ಬೀದಿ ದರ್ಜಿ ಹನಿ ಹಾಕ್ಕೊಂಡು ನಾಲ್ಕೇ ದಿನಕ್ಕೆ ಸೂಜಿಗೆ ದಾರ ಪೋಣಿಸಿದನಂತೆ."

ನರ್ಸಕ್ಕ ನನ್ನ ಕಡೆ ತಿರುಗಿದಳು. "ಈ ಅಂಗಡೀಲಿ ಮುಚ್ಚಳ ಬಿಚ್ಚಿ ನೋಡೋರು ಯಾರೂ ಇಲ್ವೇನೇ?"

ನಾನು ದರ್ಜಿಯ ಬಳಿಗೆ ಓಡಿದೆ. ಅವನು ಹೊಲಿಗೆ ನಿಲ್ಲಿಸದೆಯೇ ಹೇಳಿದ: "ಹನಿ ಹಾಕ್ಕೊಂಡಿದ್ದು ನಿಜ. ಅದೇ ವಾರ ಹೊಸ ಕನ್ನಡಕಾನೂ ಬಂತಲ್ಲ. ಅದನ್ನ ಹೇಳ್ಲಿಲ್ವಾ ಅವನು?"

ವಾಪಸ್ ಬಂದವಳೇ ಒಂದು ಚೀಟಿಗೆ ಗೆರೆ ಎಳೆದು, ಬರೆದು, ತಾತನ ಮುಂದಿಟ್ಟೆ. ತಾತ ಭೂತಗನ್ನಡಿ ಹಿಡಿದು ಚೀಟಿಯನ್ನು ಹತ್ತಿರ ತಂದರು, ದೂರ ಹಿಡಿದರು. "ನೀನೇ ಓದು," ಎಂದರು ಮೆಲ್ಲಗೆ.

ಎಡಗಡೆ ತುಂಬಿಹೋಗಿತ್ತು. ಎಲ್ಲರೂ ತಗೊಂಡಿದ್ದಾರೆ, ಹೀರೋ ಫೋಟೋ ಇದೆ, ಕತ್ತಲೆಯಾಗುತ್ತದೆ, ನರ್ಸಕ್ಕನಿಗೂ ಕನ್ನಡಕ ಇದೆ. ಬಲಗಡೆ ಎರಡೇ ಸಾಲು: ಡಾಕ್ಟರು ಪರೀಕ್ಷಿಸಿದಾಗ ಪೊರೆ ಕಂಡಿತು. ದರ್ಜಿಗೆ ಕನ್ನಡಕ ಬದಲಾಯಿತು. ಓದಿ ಮುಗಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಹದಿನೈದು ದಿನ ಹನಿ ಹಾಕಿದರೂ ತಾತನಿಗೆ ಈ ಚೀಟಿ ಓದಲಾಗಲಿಲ್ಲ.' ಅದನ್ನು ಗಟ್ಟಿಯಾಗಿ ಓದುವಾಗ ನನಗೆ ಅಳು ಬಂತು.

ತಾತ ಭೂತಗನ್ನಡಿ ಕೆಳಗಿಟ್ಟರು. "ನಲವತ್ತು ವರ್ಷ ಊರವರ ಮುಚ್ಚಳ ಬಿಚ್ಚಿದೆ. ನನ್ನದನ್ನ ಬಿಚ್ಚಲಿಲ್ಲ ನೋಡು," ಎಂದರು. ಆಮೇಲೆ ನರ್ಸಕ್ಕನಿಗೆ, "ಆಸ್ಪತ್ರೆಗೆ ಯಾವತ್ತು ಬರ್ಬೇಕಮ್ಮ?"

ಆಪರೇಷನ್ ಆಗಿ, ಕನ್ನಡಕ ಬಂದು, ಅಂಗಡಿ ಬಾಗಿಲು ತೆಗೆದ ದಿನ ತಾತ ಮೊದಲು ಕೈಗೆತ್ತಿಕೊಂಡದ್ದು ಆ ಚೀಟಿಯನ್ನು. ತಾವೇ ಓದಿ, ಕೊನೆಯ ಸಾಲನ್ನು ಹೊಡೆದುಹಾಕಿದರು. "ನಿನ್ನ ಅಕ್ಷರ ಇಷ್ಟು ಕೆಟ್ಟದಾಗಿದೆ ಅಂತ ಗೊತ್ತೇ ಇರ್ಲಿಲ್ಲ ಪುಟ್ಟಿ."

ತಾತ ಈಗಿಲ್ಲ. ಚೀಟಿ ನನ್ನ ಹತ್ತಿರ ಇದೆ.

ಮಕ್ಕಳೇ, 'ಎಲ್ಲರೂ ಮಾಡ್ತಿದ್ದಾರೆ' ಎಂದು ಯಾರಾದರೂ ನಿಮ್ಮನ್ನು ಎಳೆದರೆ, ಹೆಸರಾದವರ ಫೋಟೋ ತೋರಿಸಿದರೆ, ಹೆದರಿಸಿದರೆ, ಮಾತಿಗೆ ಉತ್ತರ ಕೊಡದೆ ಮಾತಾಡಿದವರನ್ನೇ ಹಂಗಿಸಿದರೆ, ಸ್ವಲ್ಪ ತಡೆಯಿರಿ. ಒಂದು ಚೀಟಿಗೆ ಗೆರೆ ಎಳೆಯಿರಿ. ಬಲಗಡೆ ಖಾಲಿಯಿದ್ದರೆ ತಲೆಯಾಡಿಸಬೇಡಿ. ಹೇಳುತ್ತಿರುವವರು ನಿಮಗೆ ಪ್ರಾಣದಷ್ಟು ಇಷ್ಟವಾದ ನಿಮ್ಮ ತಾತನೇ ಆಗಿದ್ದರೂ, ಮೊದಲು ಮುಚ್ಚಳ ಬಿಚ್ಚಿ ನೋಡಿ.