ಮೂರನೇ ಮೆಟ್ಟಿಲಿನ ಟ್ಯಾಂಕು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಬಣ್ಣ, ಮೊಳೆ, ಪೈಪು ಮಾರುವ ಗೌರೀಶಂಕರನಿಗೆ ಐವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಊರಿನ ಬೇರೆ ವರ್ತಕರಿಗೆ ಹಿಡಿಯುವುದು ಸಕ್ಕರೆ ಕಾಯಿಲೆ, ಇಲ್ಲವೇ ರಾಜಕೀಯ. ಇವನಿಗೆ ಹಿಡಿದದ್ದು ಪ್ಲಾಸ್ಟಿಕ್ಕಿನಲ್ಲಿ ಯುದ್ಧದ ಟ್ಯಾಂಕು ಕಟ್ಟುವ ಹುಚ್ಚು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಚೂರುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ನಿಜದ ಟ್ಯಾಂಕೇ ಕುಗ್ಗಿ ಅಂಗೈ ಮೇಲೆ ಕೂತ ಹಾಗಿರುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಕೂತವನ ಕಷ್ಟ ಕೂತವನಿಗೇ ಗೊತ್ತು.

ಹುಚ್ಚು ಹಿಡಿಸಿದವನು ಹಳ್ಳಿಮೈಸೂರಿನ ಮಂಚಯ್ಯ. ಸೈನ್ಯದಲ್ಲಿ ಟ್ಯಾಂಕು ಓಡಿಸಿ, ಪಿಂಚಣಿ ಪಡೆದು, ಈಗ ಭತ್ತ ಬೆಳೆಯುವ ಮನುಷ್ಯ. ಪೈಪು ಕೊಳ್ಳಲು ಬಂದವನು ಅಂಗಡಿಯ ಬೆಂಚಿನ ಮೇಲೆ ಕೂತು ತನ್ನ ಟ್ಯಾಂಕಿನ ಸುದ್ದಿ ಹೇಳುತ್ತಿದ್ದರೆ ಗೌರೀಶಂಕರ ಗಿರಾಕಿಗಳನ್ನೇ ಮರೆಯುತ್ತಿದ್ದ. ಒಂದು ದಿನ ಉತ್ಸಾಹ ಉಕ್ಕಿ, “ಮಂಚಯ್ಯಣ್ಣ, ನೀವು ಓಡಿಸಿದ್ದ ಟ್ಯಾಂಕನ್ನೇ ಕಟ್ತೀನಿ. ದಸರಾಕ್ಕೆ ಮನೆಗೆ ಬನ್ನಿ, ಗೊಂಬೆ ಜೊತೇಲಿ ಕೂರಿಸಿರ್ತೀನಿ” ಎಂದುಬಿಟ್ಟ.

ಮಾತು ಕೊಟ್ಟು ಮೂರು ದಸರಾ ಕಳೆದವು.

ಅವನ ಹೆಂಡತಿ ತೇಜಶ್ರೀಗೆ ದಸರಾ ಗೊಂಬೆಯೆಂದರೆ ಪ್ರಾಣ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಕೂರಬೇಕು ಎನ್ನುವುದು ಆ ಮನೆಯ ಪದ್ಧತಿ. ಗಂಡನ ಮಾತು ನಂಬಿ ಮೊದಲ ವರ್ಷ ಮೂರನೇ ಮೆಟ್ಟಿಲಿನಲ್ಲಿ, ಚೆಟ್ಟಿಯಾರ್ ದಂಪತಿ ಗೊಂಬೆಗಳ ಪಕ್ಕ, ಒಂದು ಅಂಗೈಯಗಲ ಜಾಗ ಬಿಟ್ಟಳು. ಎರಡನೇ ವರ್ಷವೂ ಬಿಟ್ಟಳು. ಮೂರನೇ ವರ್ಷ ಗೊಂಬೆ ನೋಡಲು ಬಂದ ಹೆಂಗಸರೆಲ್ಲ ನೇರವಾಗಿ ಆ ಖಾಲಿ ಜಾಗವನ್ನೇ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಂಚಯ್ಯ ಮಾತ್ರ ನಗಲಿಲ್ಲ. ಪ್ರತಿ ಆಯುಧಪೂಜೆಯ ದಿನ ತಪ್ಪದೆ ಬರುತ್ತಿದ್ದ, ಕೋಸಂಬರಿ ತಿನ್ನುತ್ತಿದ್ದ, ಮೂರನೇ ಮೆಟ್ಟಿಲನ್ನೊಮ್ಮೆ ನೋಡುತ್ತಿದ್ದ. “ಇರ್ಲಿ ಬುಡಿ ಸಾವ್ಕಾರ್ರೆ, ಟ್ಯಾಂಕು ಎಲ್ಲಿಗ್ ಓಡೋಯ್ತದೆ” ಎಂದು ಎದ್ದು ಹೋಗುತ್ತಿದ್ದ. ಆ ಮಾತು ಗೌರೀಶಂಕರನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಹಾಗಂತ ಅವನು ಸೋಮಾರಿಯಲ್ಲ. ಟ್ಯಾಂಕಿನ ಮೈ ಕಟ್ಟಿದ್ದ, ಮೇಲಿನ ಗೋಪುರ ಕಟ್ಟಿದ್ದ, ಗುಂಡು ಹಾರಿಸುವ ಉದ್ದನೆಯ ಕೊಳವೆ ಕೂರಿಸಿದ್ದ. ನಿಂತದ್ದು ಚಕ್ರದ ಸುತ್ತ ಸುತ್ತುವ ಸರಪಳಿಯ ಹತ್ತಿರ. ಆ ಸರಪಳಿಯ ಒಂದೊಂದು ಕೊಂಡಿಯೂ ಬೇರೆ ಬೇರೆ. ಒಂದೊಂದೂ ಹೆಚ್ಚು ಕಡಿಮೆ ತೊಗರಿಬೇಳೆಯಷ್ಟು. ಪೆಟ್ಟಿಗೆಯ ತುಂಬ ಆ ಕೊಂಡಿಗಳನ್ನು ಕಂಡರೆ ಅವನ ಎದೆ ಕುಸಿಯುತ್ತಿತ್ತು. ಆಗ ಮೊಬೈಲು ತೆಗೆದು ಟ್ಯಾಂಕು ಕಟ್ಟುವವರ ವಾಟ್ಸಾಪ್ ಗುಂಪು ನೋಡುತ್ತಿದ್ದ. ಅಲ್ಲಿ ಪುಣೆಯವನೊಬ್ಬ, ಚೆನ್ನೈಯವನೊಬ್ಬ ಕಣ್ಣು ಕುಕ್ಕುವಂಥ ಫೋಟೋ ಹಾಕಿರುತ್ತಿದ್ದರು. ಅದನ್ನು ನೋಡಿದ ಮೇಲೆ ಇದ್ದಬದ್ದ ಹುರುಪೂ ಇಳಿದುಹೋಗುತ್ತಿತ್ತು. ಹುರುಪು ಇಳಿದಾಗ ಏನು ಮಾಡಬೇಕು? ಇನ್ನೊಂದು ಹೊಸ ಪೆಟ್ಟಿಗೆ ತರಿಸುತ್ತಿದ್ದ. ಕಟ್ಟುವುದಕ್ಕಿಂತ ಕೊಳ್ಳುವುದು ಸುಲಭ ನೋಡಿ. ಮಹಡಿ ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಪೆಟ್ಟಿಗೆಗಳು ಸೂರು ಮುಟ್ಟುತ್ತಿದ್ದವು. ಪೂರ್ತಿಯಾದದ್ದು ಒಂದೂ ಇರಲಿಲ್ಲ.

ಈ ವರ್ಷ ಗೌರಿ ಗಣೇಶ ಹಬ್ಬ ಮುಗಿದ ಮಾರನೆಯ ದಿನ ತೇಜಶ್ರೀ ಕಾಫಿ ಲೋಟ ಕೈಗಿಟ್ಟು ಎದುರಿಗೇ ನಿಂತಳು.

“ನೋಡ್ರಿ, ಈ ದಸರಾಕ್ಕೂ ಆ ಜಾಗ ಖಾಲಿ ಉಳಿದ್ರೆ ಅಲ್ಲಿ ಬಾತುಕೋಳಿ ಗೊಂಬೆ ಕೂರಿಸ್ತೀನಿ. ಆ ಕೋಣೇಲಿ ನನ್ನ ಹೊಲಿಗೆ ಮಿಷನ್ ಕೂರ್ತದೆ. ನಿಮ್ಮ ಪೆಟ್ಟಿಗೆಗಳನ್ನ ಯಾರಿಗಾದ್ರೂ ಕೊಟ್ಟುಬಿಡಿ.”

ಅವಳು ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಸಮಾಧಾನವಾಗಿ ಹೇಳಿದಳು. ಗೌರೀಶಂಕರ ಕೋಣೆಗೆ ಹೋಗಿ ಕೂತ. ಕೋಣೆ ಹೋದರೆ ಹೋಗಲಿ. ತಾನು ಬರೀ ಆರಂಭಶೂರ, ಹಿಡಿದದ್ದು ಯಾವುದನ್ನೂ ಮುಗಿಸುವ ಯೋಗ್ಯತೆ ಇಲ್ಲದವನು ಎಂದು ಹೆಂಡತಿಗೂ ಮಂಚಯ್ಯನಿಗೂ ಖಾತ್ರಿಯಾಗಿ, ಕೊನೆಗೆ ತನಗೂ ಖಾತ್ರಿಯಾಗಿಬಿಡುತ್ತದಲ್ಲ ಎಂಬುದು ಅವನ ನಿಜವಾದ ಭಯ. ನಾಲಿಗೆಯಲ್ಲಿ ಕಾಫಿ ಕಹಿಯಾಯಿತು.

ಹೊರಗೆ ನಡುಮನೆಯಲ್ಲಿ ಅವನ ತಾಯಿ ಸುವರ್ಣಮ್ಮ ಚಾಪೆ ಹಾಸಿಕೊಂಡು ಸೇವಂತಿಗೆ ಕಟ್ಟುತ್ತಿದ್ದಳು. ಎಂಬತ್ತರ ಹತ್ತಿರದ ಜೀವ. ದಿನಾ ಬೆಳಗ್ಗೆ ಬುಟ್ಟಿಯ ಮುಂದೆ ಕೂತರೆ ಬಾಳೆನಾರಿನಲ್ಲಿ ಮಾರುಗಟ್ಟಲೆ ಹೂ ಕಟ್ಟಿಯೇ ಏಳುವುದು. ಮಗನ ಮುಖ ನೋಡಿ, “ಏನ್ಲಾ ಅದು, ಸಪ್ಪಗಿದೀಯಾ?” ಎಂದಳು.

ಅವನು ಕೊಂಡಿಗಳ ಡಬ್ಬಿ ತಂದು ತೋರಿಸಿದ. “ಇವನ್ನೆಲ್ಲ ಒಂದಕ್ಕೊಂದು ಸೇರಿಸ್ಬೇಕು ಕಣವ್ವಾ. ನೋಡಿದ್ರೇ ಕೈ ಸೋಲ್ತದೆ.”

ಸುವರ್ಣಮ್ಮ ಡಬ್ಬಿಯೊಳಗೆ ಇಣುಕಿದಳು. “ಡಬ್ಬಿ ಯಾಕ್ ನೋಡೀಯೆ? ನಾನು ಬುಟ್ಟಿ ನೋಡ್ಕಂಡು ಕೂತ್ರೆ ಒಂದು ಮೊಳನೂ ಆಗಾಕಿಲ್ಲ. ಕೈಗೆ ಬಂದ ಹೂವ ನೋಡು, ಆಮೇಲೆ ಅದರ ಪಕ್ಕದ್ದು ನೋಡು. ಬಾ, ಕೂತ್ಕಾ. ನಾನು ಒಂದು ಮೊಳ ಕಟ್ಟೋ ಹೊತ್ತಿಗೆ ನೀನು ಒಂದು ಗೇಣು ಕಟ್ಟು, ನೋಡಾನ.”

ತಮಾಷೆಗೆಂದು ಕೂತ. ತಾಯಿಯ ಬೆರಳು ನಾರು ಸುತ್ತಿ ಗಂಟು ಬಿಗಿದ ಹಾಗೆಲ್ಲ ಇವನೂ ಒಂದು ಕೊಂಡಿ ಉಜ್ಜಿ, ಚಿಮಟದಲ್ಲಿ ಹಿಡಿದು, ಅಂಟು ಮುಟ್ಟಿಸಿ ಕೂರಿಸಿದ. ನಡುನಡುವೆ ಅವಳು ಅರಕಲಗೂಡಿನ ತವರಿನ ಕಥೆ ಹೇಳಿದಳು, ಇವನು ಹೂಂಗುಟ್ಟಿದ. ಅವಳು ಮೊಳಕೈಗೆ ಹಾರ ಹಿಡಿದು ಅಳೆದಾಗ ಇವನದು ನಾಲ್ಕು ಬೆರಳಷ್ಟೂ ಆಗಿರಲಿಲ್ಲ. ಸುವರ್ಣಮ್ಮ ಬಾಯಿ ತುಂಬ ನಕ್ಕು, “ಸೋತೆಯಲ್ಲೋ, ಗಂಡ್ಸೇ” ಎಂದಳು. ಮಗನಿಗೆ ರೋಷ ಬಂತು. ಮಾರನೆಯ ದಿನ ಅವಳಿಗಿಂತ ಮೊದಲೇ ಚಾಪೆ ಹಾಸಿ ಕಾಯುತ್ತಿದ್ದ.

ಅಲ್ಲಿಂದ ದಿನಾ ಅದೇ ಕೆಲಸ. ಅಂಗಡಿ ಬಾಗಿಲು ತೆಗೆಯುವ ಮುಂಚೆ ಅವ್ವನ ಜೊತೆ ಒಂದು ಪಂದ್ಯ. ಮೊಬೈಲನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಡುತ್ತಿದ್ದ. ಪುಣೆಯವನು ಏನು ಕಟ್ಟಿದನೋ, ಚೆನ್ನೈಯವನು ಏನು ಬಳಿದನೋ, ಅದರ ಗೊಡವೆಯೇ ಬೇಡ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದನ್ನು ಶಾಲೆಯಲ್ಲಿ ಕಾಪಿ ಬರೆದು ಬರೆದು ಬೇಸತ್ತಿದ್ದವನಿಗೆ ಅದರ ಅರ್ಥ ಈಗ ಬೆರಳಿಗೆ ಹತ್ತಿತು. ಒಂದು ಬೆಳಗ್ಗೆ ಡಬ್ಬಿಗೆ ಕೈ ಹಾಕಿದರೆ ತಳ ಸಿಕ್ಕಿತು. ಎರಡೂ ಸರಪಳಿ ಚಕ್ರ ಸುತ್ತಿ ಕೂತಿದ್ದವು. ಗೌರೀಶಂಕರ ಟ್ಯಾಂಕನ್ನು ಎತ್ತಿ ಹಿಡಿದು ಮಗುವಿನ ಹಾಗೆ ನಕ್ಕ. ಅಡುಗೆಮನೆ ಬಾಗಿಲಿನಿಂದ ನೋಡುತ್ತಿದ್ದ ತೇಜಶ್ರೀ ಅವತ್ತು ಉಪ್ಪಿಟ್ಟಿಗೆ ತುಪ್ಪ ಧಾರಾಳವಾಗಿ ಸುರಿದಳು.

ಆಮೇಲೆ ಕೆಲಸ ಓಡಿತು. ಹಸಿರು ಬಣ್ಣ ಬಿತ್ತು. ಕೊನೆಗೆ ಉಳಿದದ್ದು ಕೆಸರು. ಯುದ್ಧದ ಟ್ಯಾಂಕು ಶೋರೂಮಿನ ಕಾರಿನ ಹಾಗೆ ಹೊಳೆದರೆ ಯಾರು ನಂಬುತ್ತಾರೆ? ಹೇಮಾವತಿ ದಂಡೆಯಿಂದ ಮಣ್ಣು ತಂದು, ಒಣಗಿಸಿ, ಹೆಂಡತಿಯ ಟೀ ಜರಡಿಯಲ್ಲಿ ಸೋಸಿ, ಅದಕ್ಕೆ ತಕ್ಕಷ್ಟೇ ಬೈಗುಳವನ್ನೂ ತಿಂದು, ಪುಡಿಯನ್ನು ಕುಂಚದಲ್ಲಿ ಇಷ್ಟಿಷ್ಟೇ ಹಚ್ಚಿದ. ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು. ಗೊಂಬೆ ಕೂರಿಸುವ ದಿನ ಬಂದು, ನವರಾತ್ರಿಯ ದಿನಗಳು ಉರುಳುತ್ತಿದ್ದರೂ ಇವನ ಕೆಸರು ಮುಗಿಯಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಮನಸ್ಸಿಗೆ ಒಪ್ಪುವ ಕೆಸರು ಬಂತು. ಮೇಲೊಂದು ವಾರ್ನಿಷ್ ಹೊಡೆದರೆ ಅದು ಉದುರದೆ ನಿಲ್ಲುತ್ತದೆ. ಬೆಳಗ್ಗೆ ಅಂಗಡಿ ಪೂಜೆ ಮುಗಿಸಿ ಬಂದು ಹೊಡೆಯೋಣ, ಮಧ್ಯಾಹ್ನ ಮಂಚಯ್ಯ ಬರುವಷ್ಟರಲ್ಲಿ ಮೂರನೇ ಮೆಟ್ಟಿಲೇರಿಸೋಣ ಎಂದುಕೊಂಡು ಟ್ಯಾಂಕನ್ನು ಜಗಲಿಯಲ್ಲಿ ಬಿಟ್ಟ.

ಆಯುಧಪೂಜೆಯ ದಿನ ಅವನು ಅಂಗಡಿಯ ತಕ್ಕಡಿಗೆ, ಷಟರಿಗೆ, ಬಣ್ಣ ಕಲಸುವ ಮಿಷನ್ನಿಗೆ ವಿಭೂತಿ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಹುರುಪಿನಿಂದ ಮನೆಗೆ ಬಂದ. ಅಂಗಳದಲ್ಲಿ ತೇಜಶ್ರೀ ತೊಳೆದ ಸ್ಕೂಟರು ಹಾರ ಹಾಕಿಕೊಂಡು ನಿಂತಿತ್ತು. ಅದರ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಟ್ಯಾಂಕು ಒದ್ದೆಯಾಗಿ ಕೂತಿತ್ತು.

ಗೋಪುರದ ಮೇಲೆ ಮೂರು ಪಟ್ಟೆ ವಿಭೂತಿ. ಕೊಳವೆಯ ತುದಿಗೆ ಕುಂಕುಮ. ಸರಪಳಿಯ ಕೆಳಗೆ ಎರಡು ಎಳೆ ನಿಂಬೆಕಾಯಿ. ಕೊಳವೆಗೆ ಸುತ್ತಿದ ಒಂದು ಗೇಣು ಸೇವಂತಿಗೆ. ಸುವರ್ಣಮ್ಮ ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಪಕ್ಕದಲ್ಲಿ ಕೂತಿದ್ದಳು.

“ಬಂದ್ಯಾ? ಅಲ್ಲ ಕಣಪ್ಪಾ, ಹಬ್ಬದ ದಿನ ಗಾಡೀನ ಇಷ್ಟು ಕೊಳೆ ಮಡಿಕಂಡ್ರೆ ಹೆಂಗೆ? ತೊಳೀದೆ ಪೂಜೆ ಮಾಡಕ್ಕಾಯ್ತದಾ? ಸೀಗೆಪುಡಿ ಹಾಕಿ ಉಜ್ಜೀವ್ನಿ. ನೋಡು ಈಗ, ಎಂಗ್ ಹೊಳೀತದೆ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಷ್ಟು ದಿನ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಎಂದು ಗೌರೀಶಂಕರನ ಕಣ್ಣಲ್ಲಿ ನೀರೇ ಬಂತು. ಬೈಯೋಣವೆಂದರೆ, ಸರಪಳಿ ಕಟ್ಟಿಸಿದವಳೂ ಇವಳೇ. “ಚೆನ್ನಾಗಿದೆ ಅವ್ವ” ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ತೇಜಶ್ರೀ ಹಿಂದೆಯೇ ಬಂದಳು. ಅವನು ಪೆಟ್ಟಿಗೆಗಳನ್ನು ಕೆಳಗಿಳಿಸಿ ಒಂದರ ಮೇಲೊಂದು ಜೋಡಿಸುತ್ತಿದ್ದ.

“ಮಿಷನ್ ತಂದಿಡು. ಇದು ನನ್ನ ಕೈಲಾಗೋ ಕೆಲ್ಸ ಅಲ್ಲ” ಎಂದ.

ಅವಳಿಗೆ ಗೆದ್ದವಳ ಸಂತೋಷ ಒಂದು ಚೂರೂ ಇರಲಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಂಚಯ್ಯ ಬಂದಿದ್ದ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಗೌರೀಶಂಕರ ಮುಖ ಒರೆಸಿಕೊಂಡು ಹೊರಗೆ ಬಂದು, “ಮಂಚಯ್ಯಣ್ಣ, ಈ ಸಲಾನೂ…” ಎಂದು ಶುರು ಮಾಡಿದ.

ಮಂಚಯ್ಯ ಕೇಳಿಸಿಕೊಳ್ಳಲೇ ಇಲ್ಲ. ಚಪ್ಪಲಿ ಬಿಟ್ಟು, ಒಗೆಯುವ ಕಲ್ಲಿನ ಮುಂದೆ ಮಂಡಿ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತ. ಕನ್ನಡಕ ಹಣೆಗೇರಿಸಿ, ಕಣ್ಣು ಹತ್ತಿರ ತಂದು, ಆ ಕಡೆಯಿಂದ ಈ ಕಡೆಯಿಂದ ನೋಡಿದ. ಬೆರಳಿನಿಂದ ಚಕ್ರದ ಸಂದಿ ಮುಟ್ಟಿದ. ಗೌರೀಶಂಕರನಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

“ಇದು ನಿಮಗೆ ಯಾರ್ ಏಳುದ್ರು ಸಾವ್ಕಾರ್ರೆ?” ಎಂದು ಮಂಚಯ್ಯ ಕೇಳಿದ.

“ಏನನ್ನ?”

“ನಾನಂತೂ ಏಳಿರ್ಲಿಲ್ಲ. ಪಂಜಾಬ್‌ನಾಗೆ ಆಯುಧಪೂಜೆ ಹಿಂದಿನ್ ದಿನ ಟ್ಯಾಂಕ್‌ನಾಗಿದ್ದ ನಾಕೂ ಜನ ಸೇರ್ಕಂಡು ಅದನ್ನ ತೊಳೀತಿದ್ವಿ. ಎಷ್ಟ್ ತೊಳುದ್ರೂ ಚಕ್ರದ ಸಂದೀಲಿ ಕೆಸ್ರು ಓಗ್ತಿರ್ಲಿಲ್ಲ. ಇಲ್ ನೋಡಿ, ಅಂಗೇ ಕೂತದೆ. ಆಮೇಲೆ ಅದಕ್ಕೆ ಕುಂಕುಮ, ಊವು, ಚಕ್ರದಡೀಲಿ ನಿಂಬೆಕಾಯಿ. ಬೇರೆ ದಿನ ಅದ್ರೊಳಿಕ್ಕೆ ಕೂತ್ರೆ ಬರೀ ಬಿಸಿ, ಒಗೆ, ಎದ್ರಿಕೆ. ಅದೊಂದಿನ ಮಾತ್ರ ಎದ್ರಿಕೆ ಇರ್ತಿರ್ಲಿಲ್ಲ. ಅದರ ನೆಳ್ಳಾಗೆ ಕೂತ್ಕಂಡು ಪಾಯ್ಸ ಕುಡೀತಿದ್ವಿ.”

ಅವನು ಹಣೆಯ ಮೇಲಿದ್ದ ಕನ್ನಡಕ ಇಳಿಸಿಕೊಂಡ. ಆಮೇಲೆ ನಕ್ಕ. ಮೂರು ವರ್ಷದಲ್ಲಿ ಆ ಮನೆಯವರು ಅವನ ಅಂಥ ನಗು ಕಂಡಿರಲಿಲ್ಲ.

“ಯುದ್ಧದ ಟ್ಯಾಂಕ್ ಎಲ್ಲಾರೂ ಮಾಡ್ತಾರೆ. ಅಬ್ಬದ ಟ್ಯಾಂಕ್ ನೀವೇ ಮಾಡಿದ್ದು. ಎತ್ಕಬೌದಾ?”

ಗೌರೀಶಂಕರ ತಲೆಯಾಡಿಸಿದ. ಮಾತಾಡಿದ್ದರೆ ಅತ್ತುಬಿಡುತ್ತಿದ್ದ. ಮಂಚಯ್ಯ ಎರಡೂ ಕೈಯಲ್ಲಿ ಟ್ಯಾಂಕನ್ನು ಎತ್ತಿಕೊಂಡು, ಹೊಸ್ತಿಲು ದಾಟಿ, ತಾನೇ ಮೂರನೇ ಮೆಟ್ಟಿಲಿನಲ್ಲಿ ಚೆಟ್ಟಿಯಾರ್ ದಂಪತಿಯ ಪಕ್ಕ ಇಟ್ಟ. ಬೆನ್ನು ನೆಟ್ಟಗೆ ಮಾಡಿ ಒಂದು ಸಲಾಮು ಹೊಡೆದ. ತೇಜಶ್ರೀ ನಿಂಬೆಕಾಯಿಗಳನ್ನು ತಂದು ಮತ್ತೆ ಸರಪಳಿಯ ಕೆಳಗಿಟ್ಟಳು. ಸುವರ್ಣಮ್ಮ, “ಅದೇನು ಎಲ್ರೂ ಕಣ್ಣೀರ್ ಹಾಕ್ಕಂಡು ನಿಂತಿದೀರಾ, ಊಟಕ್ಕೇಳಿ” ಎಂದು ಗದರಿದಳು.

ಸಾಯಂಕಾಲ ಗೊಂಬೆ ನೋಡಲು ಬಂದ ಹೆಂಗಸರು ಅಭ್ಯಾಸಬಲದಿಂದ ಸೆರಗನ್ನು ಬಾಯಿಯವರೆಗೆ ತಂದು, ಮೂರನೇ ಮೆಟ್ಟಿಲು ನೋಡಿ ಅಲ್ಲೇ ಬಿಟ್ಟರು. ಗೌರೀಶಂಕರ ಟ್ಯಾಂಕಿನ ಫೋಟೋ ತೆಗೆದು, ವಿಭೂತಿ ನಿಂಬೆಕಾಯಿ ಸಮೇತ, ವಾಟ್ಸಾಪ್ ಗುಂಪಿಗೆ ಹಾಕಿದ. ಯಾರು ಏನೆಂದರು ಎಂದು ನೋಡುವುದು ಎರಡು ದಿನ ನೆನಪಾಗಲಿಲ್ಲ.

ಹಬ್ಬ ಕಳೆದು ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಎತ್ತಿಡುವಾಗ ತೇಜಶ್ರೀ, “ಬರೋ ವರ್ಷ ಟ್ಯಾಂಕಿನ ಪಕ್ಕ ಇನ್ನೊಂದು ಜಾಗ ಬಿಡ್ತೀನಿ” ಎಂದಳು. ಅವನೇ ಹೊಲಿಗೆ ಮಿಷನ್ನನ್ನು ಕೋಣೆಗೆ ಹೊತ್ತು ತಂದು, ಬೆಳಕು ಬೀಳುವ ಕಿಟಕಿಯ ಬಳಿ ಇಟ್ಟುಕೊಟ್ಟ. ಬಾಗಿಲು ಹಾಕಿಕೊಂಡು ಒಬ್ಬನೇ ಕೂರುವ ಕೋಣೆ ಅವನಿಗೆ ಇನ್ನು ಬೇಕಿರಲಿಲ್ಲ.

ಮಾರನೆಯ ಬೆಳಗ್ಗೆ ಒಂದು ಪೆಟ್ಟಿಗೆ ಹಿಡಿದು ನಡುಮನೆಗೆ ಬಂದ. ಸುವರ್ಣಮ್ಮ ಆಗಲೇ ನಾರು ನೆನೆಸಿಕೊಂಡು ಕೂತಿದ್ದಳು. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ, “ಇದೇನು, ಲಾರಿಯಾ?” ಎಂದಳು.

“ಹೂಂ ಕಣವ್ವಾ. ಮಿಲಿಟರಿ ಲಾರಿ.”

“ಇದಕ್ಕೂ ಕೆಸ್ರು ಬಳೀತೀಯಾ?”

“ಬಳೀಬೇಕು.”

“ಬಳಿ. ಹಬ್ಬಕ್ಕೆ ತೊಳೆಯಾಕೆ ನಾನಿದೀನಿ” ಎಂದು ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ಮಗನಿಗೆ ಜಾಗ ಮಾಡಿಕೊಟ್ಟಳು.