ಕೃಷ್ಣಾಬಾಯಿ ಹೆಣೆದ ಕುಲಾವಿ

ಧನುರ್ಮಾಸ ಬಂತೆಂದರೆ ಕೃಷ್ಣಾಬಾಯಿಗೆ ಒಳಗೊಳಗೇ ದಿಗಿಲು. ದೇವರಲ್ಲಿ ಭಕ್ತಿ ಕಡಿಮೆಯಾಗಿತ್ತೆಂದಲ್ಲ, ಮೈ ಸೋತಿತ್ತು. ಬೆಳ್ಳಿ ಮೂಡುವ ಮೊದಲೇ ಎದ್ದು ಬಸವಣ್ಣ ಕಾಲುವೆಗೆ ಹೋಗಬೇಕು. ಬೋಳಿಸಿದ ತಲೆಯನ್ನು ಆ ಕೊರೆಯುವ ನೀರಲ್ಲಿ ಮುಳುಗಿಸಿ, ಒದ್ದೆ ಸೀರೆಯಲ್ಲೇ ಮನೆಗೆ ಬಂದು ಒಲೆ ಹಚ್ಚಬೇಕು. ಹೊತ್ತು ಹುಟ್ಟುವುದರೊಳಗೆ ಹುಗ್ಗಿ ನೈವೇದ್ಯಕ್ಕೆ ಸಿದ್ಧವಾಗಬೇಕು. ಅಲ್ಲಿಂದ ಮುಂದೆ ಊಟ, ಮುಸುರೆ, ಮಕ್ಕಳು, ಮತ್ತೆ ಸಂಜೆಯ ಫಲಾರ. ಇಪ್ಪತ್ತರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡು ಹೊಸಪೇಟೆಯ ತವರಿಗೆ ಬಂದವಳು, ಈಗ ಐವತ್ತು ದಾಟಿದ್ದರೂ ಆ ಅಡಿಗೆಮನೆಯಿಂದ ಹೊರಗೆ ಬಂದದ್ದು ಕಡಿಮೆ. ತಮ್ಮ ವ್ಯಾಸರಾಜ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅವನ ಹೆಂಡತಿ ಇಂದಿರಾಬಾಯಿ ಕೆಟ್ಟವಳಲ್ಲ. ಮೇಲಿಂದ ಮೇಲೆ ಹೆತ್ತು ಅವಳ ಸೊಂಟ ಬಿದ್ದುಹೋಗಿತ್ತು. ಹೀಗಾಗಿ ಮಡಿಯ ಕೆಲಸವೆಲ್ಲ ಅಕ್ಕನದೇ ಎಂದು ಯಾರೂ ಹೇಳದೆಯೇ ಆಗಿಹೋಗಿತ್ತು.

ಯುದ್ಧ ಮುಗಿದ ವರ್ಷದ ಚಳಿಗಾಲ ಅದು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಸುತ್ತಲ ಹಳ್ಳಿಗಳಿಂದ ಕೂಲಿಯವರು ಬಂದು ನದೀತೀರದಲ್ಲಿ ತಟ್ಟಿ ಗುಡಿಸಲು ಹಾಕಿಕೊಂಡಿದ್ದರು. ಅವರಿಗೆ ಔಷಧ ಕೊಡುವ ಡಾಕ್ಟರ ಹೆಂಡತಿ ರಾಧಾಬಾಯಿ ಒಂದು ಮಧ್ಯಾಹ್ನ ಉಣ್ಣೆಯ ಉಂಡೆಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದಳು. ಹೊಳೆಗಾಳಿಗೆ ಕೂಲಿಯವರ ಕೂಸುಗಳು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿವೆ, ಬಲ್ಲ ಹೆಂಗಸರು ಒಂದೊಂದು ಕುಲಾವಿ ಹೆಣೆದುಕೊಟ್ಟರೆ ಪುಣ್ಯ ಎಂದಳು. ಕೃಷ್ಣಾಬಾಯಿ ಹುಡುಗಿಯಾಗಿದ್ದಾಗ ಬಳ್ಳಾರಿಯಲ್ಲಿ ಕ್ರೋಷಾ ಹೆಣಿಗೆ ಕಲಿತದ್ದನ್ನು ಅವಳು ಎಲ್ಲಿಂದಲೋ ಕೇಳಿ ತಿಳಿದಿದ್ದಳು.

ಮನೆಯ ಕೆಲಸವೇ ಬೆಟ್ಟದಷ್ಟಿರುವಾಗ ಇದೊಂದು ಯಾಕೆ ಎಂದು ವ್ಯಾಸರಾಜ ಗೊಣಗಿದ. ಕೃಷ್ಣಾಬಾಯಿ ಒಂದು ಬಿಳಿ ಉಂಡೆ ಎತ್ತಿಕೊಂಡಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಪುಣ್ಯವಾಗಲಿ ಕೂಸುಗಳಾಗಲಿ ಇರಲಿಲ್ಲ. ಇದು ಕೂತು ಮಾಡುವ ಕೆಲಸ, ಅಷ್ಟೇ ಅವಳಿಗೆ ಹೊಳೆದದ್ದು.

ಊಟದ ಎಲೆ ಎತ್ತಿದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಹೆಣೆಯುತ್ತಿದ್ದಳು. ಕೊಕ್ಕೆಯ ಕಡ್ಡಿ ಹಿಡಿದು ಎಷ್ಟೋ ವರ್ಷವಾಗಿದ್ದರೂ ಬೆರಳು ಮರೆತಿರಲಿಲ್ಲ. ನೆತ್ತಿಯ ಹತ್ತಿರ ಸಣ್ಣ ಬಳೆಯಷ್ಟಗಲ ಶುರುಮಾಡಿ ಸುತ್ತು ಸುತ್ತಿಗೂ ಕುಣಿಕೆ ಹೆಚ್ಚಿಸುತ್ತ ಹೋಗಬೇಕು. ಅಗಲ ಸಾಕಾಯಿತೆಂದಾಗ ಹೆಚ್ಚಿಸುವುದನ್ನು ನಿಲ್ಲಿಸಿ ನೇರ ಕೆಳಗಿಳಿಸಬೇಕು. ಆದರೆ ನಿಲ್ಲಿಸಬೇಕಾದ ಕಡೆ ಅವಳಿಗೆ ಕಣ್ಣು ಮುಚ್ಚುತ್ತಿತ್ತು. ತೂಕಡಿಸುತ್ತಲೇ ಕೈ ಆಡುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರಾದರೂ ಕರೆಯುವರು. ಎದ್ದು ಹೋಗಿ ಬಂದು ಮತ್ತೆ ಕೂತರೆ ಎಲ್ಲಿಗೆ ಬಿಟ್ಟಿದ್ದೆನೆಂದು ನೆನಪಾಗುತ್ತಿರಲಿಲ್ಲ. ಕೊನೆಗೆ ಕುಲಾವಿ ಮುಗಿಯಿತು. ದೊಡ್ಡದಾಗಿದೆ ಎಂದು ಅವಳಿಗೂ ತಿಳಿದಿತ್ತು. ಬಿಚ್ಚಿ ಹೆಣೆಯುವ ತ್ರಾಣವಿಲ್ಲದೆ ಮಡಿಸಿಟ್ಟಳು.

ಕೊಡಲು ಹೋಗುವ ದಿನ ಏಕಾದಶಿ ಬಿತ್ತು. ಒಲೆ ಹಚ್ಚುವಂತಿಲ್ಲವಾದ್ದರಿಂದ ರಾಧಾಬಾಯಿ ಕರೆದಾಗ ಬರುವುದಿಲ್ಲ ಎನ್ನಲು ನೆವ ಸಿಗಲಿಲ್ಲ. ನೀರನ್ನೂ ಮುಟ್ಟದ ಉಪವಾಸದಲ್ಲಿ ಕೃಷ್ಣಾಬಾಯಿ ಕೆಂಪು ಸೀರೆಯ ಸೆರಗನ್ನು ತಲೆಗೆ ಬಿಗಿಯಾಗಿ ಹೊದ್ದು ಎತ್ತಿನ ಗಾಡಿ ಹತ್ತಿದಳು. ಕಲ್ಲು ಹೇರುವ ಗಾಡಿಗಳು ಓಡಾಡಿ ದಾರಿಯೆಲ್ಲ ಗುಂಡಿ ಬಿದ್ದಿತ್ತು. ಒಂದೊಂದು ಗುಂಡಿಗೂ ಅವಳ ಎಲುಬು ಎಲುಬು ನೋಯುತ್ತಿತ್ತು.

ಗುಡಿಸಲುಗಳ ಸಾಲಿನಲ್ಲಿ ರಾಧಾಬಾಯಿ ಎಲ್ಲರ ಕುಲಾವಿಗಳನ್ನೂ ಹಂಚುತ್ತ ಹೋದಳು. ಕೃಷ್ಣಾಬಾಯಿ ತನ್ನದನ್ನು ತಾನೇ ಕೊಡಲಿ ಎಂದು, ಬಂಡ್ರಿಯಿಂದ ಬಂದಿದ್ದ ಊರಮ್ಮನ ಗುಡಿಸಲಿನ ಮುಂದೆ ಅವಳನ್ನು ನಿಲ್ಲಿಸಿ ಮುಂದೆ ಹೋದಳು. ಊರಮ್ಮ ಬಾಣಂತನ ಮುಗಿಸಿ ಮತ್ತೆ ಬುಟ್ಟಿ ಹೊರಲು ಹೋಗುತ್ತಿದ್ದವಳು. ಕೂಸಿಗೆ ಜ್ವರವೆಂದು ಅವತ್ತು ಉಳಿದುಕೊಂಡಿದ್ದಳು. ಕೃಷ್ಣಾಬಾಯಿ ಮುಟ್ಟದಂತೆ ದೂರದಿಂದಲೇ ಕುಲಾವಿಯನ್ನು ಅವಳ ಮಡಿಲಿಗೆ ಹಾಕಿದಳು. ಊರಮ್ಮ ಅದನ್ನು ಕೂಸಿನ ತಲೆಗೆ ಹಾಕಿದರೆ ಕಣ್ಣು, ಮೂಗು, ಬಾಯಿ ಎಲ್ಲ ಮುಚ್ಚಿ ಕುತ್ತಿಗೆಗೆ ಬಂತು. ಕೂಸು ಒಳಗಿನಿಂದ ಕಿರುಚಿತು.

ಊರಮ್ಮ ಅದನ್ನು ತೆಗೆದು ಕೈಯಲ್ಲಿ ಹಿಡಿದು ಒಮ್ಮೆ ಕುಲಾವಿಯನ್ನು, ಒಮ್ಮೆ ಎದುರಿಗೆ ನಿಂತವಳ ತಲೆಯನ್ನು ನೋಡಿದಳು. ಗಾಳಿಗೆ ಸೆರಗು ಸರಿದಿತ್ತು.

"ಇದು ನಿಮ್ ತಲೀಗೇ ಸರಿಹೊಂದತೈತ್ರಿ ಅವ್ವಾ. ಕೂದ್ಲನೂ ಇಲ್ಲ, ಥಂಡಿ ಹತ್ತಂಗಿಲ್ಲೇನ್ರಿ?"

ಅಣಕವಿರಲಿಲ್ಲ ಆ ಮಾತಿನಲ್ಲಿ. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಆ ಮಾತು ಕೇಳಿರಲಿಲ್ಲ. ಕೃಷ್ಣಾಬಾಯಿ ಸೆರಗನ್ನು ಮತ್ತೆ ತಲೆಗೆಳೆದುಕೊಂಡು, "ಹತ್ತತದ" ಎಂದಳು. ಆಮೇಲೆ, "ಕೊಡು ಇಲ್ಲೆ. ಬಿಚ್ಚಿ ಸಣ್ಣದು ಮಾಡ್ತೀನಿ" ಎಂದು ಕೈ ಚಾಚಿದಳು.

ಗುಡಿಸಲಿನ ಬಿಸಿಲು ಮಗ್ಗುಲಿಗೆ ಒಂದು ಕಲ್ಲಿನ ಮೇಲೆ ಕೂತು, ಸೊಂಟಕ್ಕೆ ಸಿಕ್ಕಿಸಿದ್ದ ಕಡ್ಡಿ ತೆಗೆದಳು. ಎಳೆ ಎಳೆದಂತೆ ಅಷ್ಟು ದಿನದ ಕೆಲಸ ಸರಸರನೆ ಬಿಚ್ಚಿ ಬಂತು. ನೆತ್ತಿಯ ಬಿಲ್ಲೆಯಷ್ಟೇ ಉಳಿಯಿತು. ಕೂಸಿನ ತಲೆಯನ್ನು ಕಣ್ಣಲ್ಲೇ ಅಳೆದು ಹೆಣೆಯತೊಡಗಿದಳು. ಒಳಗಿನಿಂದ ಯಾರೂ ಕರೆಯಲಿಲ್ಲ. ದೂರದಲ್ಲಿ ಕಲ್ಲು ಒಡೆಯುವ ಸದ್ದು, ಹತ್ತಿರದಲ್ಲಿ ಊರಮ್ಮ ಕೂಸಿಗೆ ಹಾಡುವ ಒಂದೇ ಸಮನಾದ ರಾಗ. ಎರಡು ಸುತ್ತು ಮುಗಿದಿರಬೇಕು, ಕೃಷ್ಣಾಬಾಯಿಯ ತಲೆ ತಟ್ಟಿಗೋಡೆಗೆ ಒರಗಿತು.

ಎಚ್ಚರವಾದಾಗ ಬಿಸಿಲು ಗುಡ್ಡದ ತುದಿಗೆ ಏರಿತ್ತು. ಕಾಲಿನಿಂದ ತಲೆಯವರೆಗೆ ಒಂದು ಕರಿ ಕಂಬಳಿ ಹೊದಿಸಿತ್ತು. ಹೊಗೆಯ ವಾಸನೆ, ಕುರಿಯ ವಾಸನೆ. ಅದರೊಳಗೆ ಎಷ್ಟು ಬೆಚ್ಚಗಿತ್ತೆಂದರೆ ಅವಳಿಗೆ ಕೂಡಲೇ ಏಳಲಾಗಲಿಲ್ಲ. ಊರಮ್ಮ ಮುಟ್ಟಿದಳಲ್ಲಾ, ಮಡಿ ಹೋಯಿತಲ್ಲಾ ಎಂಬ ಯೋಚನೆ ಬಂದದ್ದು ಆಮೇಲೆ. ಸುತ್ತ ನೆರೆದ ಹುಡುಗರನ್ನು ಊರಮ್ಮ ಸದ್ದು ಮಾಡದಂತೆ ಕೈಸನ್ನೆಯಲ್ಲೇ ಅಟ್ಟುತ್ತಿದ್ದಳು. ರಾಧಾಬಾಯಿ ಆಚೆ ಗಾಡಿಯ ಹತ್ತಿರ ಗಂಡನೊಂದಿಗೆ ನಿಂತಿದ್ದಳು.

"ಎಬ್ಬಸಬಾರದೇನು?" ಎಂದಳು ಕೃಷ್ಣಾಬಾಯಿ.

"ಡಾಕ್ಟರ್ ಅಮ್ಮಾರು ಎಬ್ಬಸಾಕ ಬಂದಿದ್ರು, ನಾನೇ ಬ್ಯಾಡ ಅಂದೆ. ಸತ್ತೋರಂಗ ಮಲಗಿದ್ರಿ. ಭಾಳ ದಣಿದೀರಿ ನೀವು."

ಕೃಷ್ಣಾಬಾಯಿ ಕಂಬಳಿಯನ್ನು ಹೆಗಲ ಮೇಲೆ ಹಾಗೇ ಬಿಟ್ಟುಕೊಂಡು ಉಳಿದ ಸುತ್ತುಗಳನ್ನು ಹೆಣೆದಳು. ಗಾಡಿಯವನು ಎರಡು ಸಲ ಕರೆದ, ಅವಳು ಕತ್ತೆತ್ತಲಿಲ್ಲ. ಈ ಸಲ ಕುಲಾವಿ ಕಿವಿ ಮುಚ್ಚಿ ಹಣೆಗೆ ನಿಂತಿತು. ಕೂಸು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡಿತು. ಊರಮ್ಮ ಮತ್ತೆ ಸರಿಮಾಡಿದಳು. ಮಿಕ್ಕ ದಾರವನ್ನು ಅವಳಿಗೇ ಕೊಟ್ಟು ಕೃಷ್ಣಾಬಾಯಿ ಎದ್ದಳು.

ಮನೆಯ ಮುಂದೆ ಗಾಡಿ ನಿಂತಾಗ ದೀಪ ಹಚ್ಚುವ ಹೊತ್ತು. ಇಂದಿರಾಬಾಯಿ ಬಾಗಿಲಲ್ಲೇ ತಡೆದು, ಕೂಲಿಯವರ ನಡುವೆ ಹೋಗಿ ಬಂದದ್ದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕಲ್ಲವೇ ಎಂದು ಮೆಲ್ಲಗೆ ಕೇಳಿದಳು. ನಾಳೆ ದ್ವಾದಶಿ ಪಾರಣೆ, ಎಂದಿಗಿಂತ ಮುಂಚೆ ಏಳಬೇಕೆಂದೂ ನೆನಪಿಸಿದಳು.

"ಅವರ ಕಂಬಳಿ ಹೊದ್ದು ಮಲಗಿದ್ದೆ, ಇಂದಿರಾ. ಉಣ್ಣೀಗೆ ಮೈಲಿಗಿ ಇಲ್ಲ ಅಂತ ನಮ್ಮ ಅಪ್ಪನೇ ಹೇಳ್ತಿದ್ದ. ಇವತ್ತು ನಾ ತಣ್ಣೀರು ಮುಟ್ಟಂಗಿಲ್ಲ. ನಾಳೆ ಮುಂಜಾನೆನೂ ನನ್ನ ಎಬ್ಬಸಬ್ಯಾಡ."

ಜಗಲಿಯಲ್ಲಿದ್ದ ವ್ಯಾಸರಾಜ ತಲೆಯೆತ್ತಿದ. ಅಕ್ಕ ಬ್ಯಾಡ ಎಂದದ್ದನ್ನು ಅವನು ಕೇಳಿದ್ದೇ ಇಲ್ಲ.  ಇಂದಿರಾಬಾಯಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಆಮೇಲೆ ದಾರಿ ಬಿಟ್ಟಳು.

"ಮಲಕೋ ಹೋಗು ಅಕ್ಕಾ. ನಾ ಏಳ್ತೀನಿ" ಎಂದಳು.

ದ್ವಾದಶಿಯ ಬೆಳಿಗ್ಗೆ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅನ್ನ ತಳ ಹಿಡಿದಿತ್ತು. ವ್ಯಾಸರಾಜ ಅದನ್ನೇ ಉಂಡು ಎದ್ದ. ಕೃಷ್ಣಾಬಾಯಿ ಹೊತ್ತೇರಿದ ಮೇಲೆ ಎದ್ದು, ಇಂದಿರಾಬಾಯಿ ಕಾಯಿಸಿಟ್ಟ ಬಿಸಿನೀರಲ್ಲಿ ಮಿಂದು ಬಂದು ಎಲೆಯ ಮುಂದೆ ಕೂತಳು. ಮೈಯ ನೋವು ಒಂದು ನಿದ್ದೆಗೆ ಹೋಗುವಂಥದಾಗಿರಲಿಲ್ಲ, ಮೊಣಕಾಲು ಹಾಗೇ ಹಿಡಿದಿತ್ತು. ಆದರೂ ಅವತ್ತು ಅವಳಿಗೆ ಹಸಿವಾಗಿತ್ತು. ಸಾರು ಇನ್ನೊಂದು ಸೌಟು ಹಾಕೆಂದು ಕೇಳಿ ಹಾಕಿಸಿಕೊಂಡಳು.