ಮಾದಳದ ಮೊಗ್ಗು ಕಚ್ಚಿದವರು

ಪಿನ್ಖಸ್‌ಗೆ ತನ್ನ ನೆರಳಿನ ಮೇಲೂ ಅನುಮಾನ. ಯೆಹೂದಿಗಳ ಚಪ್ಪರದ ಹಬ್ಬಕ್ಕೆ ಮಾದಳದ ಹಣ್ಣು ಕೊಳ್ಳಲು ಜೆರುಸಲೇಮಿನ ಸಂತೆಯಲ್ಲಿ ಮೂರು ದಿನ ಅಲೆದಿದ್ದ. ತುದಿಯ ಮೊಗ್ಗು ಮುರಿದ ಹಣ್ಣು ಪ್ರಾರ್ಥನೆಗೆ ಸಲ್ಲದು; ಆ ಮೊಗ್ಗನ್ನು ಅಂಟು ಹಾಕಿ ಕೂರಿಸಿದ್ದಾರೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಮೂಸಿಯೂ ನೋಡಿದ್ದ. ತಂದ ಮೇಲೆ ಅಗಸೆ ನಾರಿನಲ್ಲಿ ಸುತ್ತಿ ಬೆಳ್ಳಿ ಡಬ್ಬಿಯಲ್ಲಿಟ್ಟ. ಹೆಂಡತಿಗೂ ಮುಟ್ಟಗೊಡಲಿಲ್ಲ.

ಹಬ್ಬದ ಏಳನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದು, ವಿಧಿಯಂತೆ ಹಸಿರು ಕಡ್ಡಿಗಳನ್ನು ನೆಲಕ್ಕೆ ಬಡಿದು ಎಲೆ ಉದುರಿಸಿದ್ದೂ ಆಯಿತು. ಇನ್ನು ಆ ಮೊಗ್ಗು ಬಸುರಿಯ ಪಾಲು. ಅದನ್ನು ಕಚ್ಚಿ ತೆಗೆದವಳಿಗೆ ಹೆರಿಗೆ ಸುಸೂತ್ರ ಎಂಬುದು ಅಜ್ಜಿಯರ ಕಾಲದ ನಂಬಿಕೆ. ಪಕ್ಕದ ಮನೆಯ ಶಿಫ್ರಾಳ ಮಗಳು ತುಂಬು ಬಸುರಿ. ಅವಳಿಗೇ ಕೊಡುವುದಾಗಿ ಪಿನ್ಖಸ್ ಮಾತು ಕೊಟ್ಟಿದ್ದ. ಡಬ್ಬಿಯನ್ನು ಚಪ್ಪರದ ಮೇಜಿನ ಮೇಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಮೊಗ್ಗು ಮಾಯ!

"ಗಿಟಲ್! ಯಾರೇ ಇದನ್ನ ಮುಟ್ಟಿದ್ದು?"

"ನಿಮ್ಮ ಹಣ್ಣು ಕಟ್ಕೊಂಡು ನಂಗೇನಾಗ್ಬೇಕು?" ಹೆಂಡತಿ ಒಳಗಿನಿಂದಲೇ ಸಿಡುಕಿದಳು. ಅವಳ ಕೈತುಂಬ ಕಡುಬಿನ ಹಿಟ್ಟು. ಡಬ್ಬಿಯ ಮೇಲೆ ಹಿಟ್ಟಿನ ಗುರುತಿದೆಯೇ ಎಂದು ಪಿನ್ಖಸ್ ನೋಡಿದ. ಇರಲಿಲ್ಲ.

ಮಗ ಇನ್ನೂ ಪ್ರಾರ್ಥನಾ ಮಂದಿರದಲ್ಲೇ ಇದ್ದ. ಉಳಿದವಳು ಸೊಸೆ ಬ್ರಾಖಾ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳು ಮೂಲೆಯಲ್ಲಿ ಒರೆಸಿದ ಕುರ್ಚಿಯನ್ನೇ ಒರೆಸುತ್ತಿದ್ದಳು.

"ಬೀಳಿಸಿದ್ಯೇನಮ್ಮ?"

"ಇಲ್ಲ ಮಾವ."

"ಹಾಗಾದ್ರೆ ಬೆಕ್ಕು ಬಂದು ಮುಚ್ಚಳ ತೆಗೀತಾ?"

ಅವಳು ಕುರ್ಚಿಯ ಇನ್ನೊಂದು ಕಾಲು ಒರೆಸತೊಡಗಿದಳು. ಪಿನ್ಖಸ್‌ಗೆ ಮೈಯೆಲ್ಲ ಉರಿಯಿತು. ಬೀಳಿಸಿದರೆ ಕ್ಷಮಿಸಬಹುದು, ಮುಚ್ಚಿಟ್ಟರೆ? ಭೂತಗನ್ನಡಿ ತಂದ. ಮೊಗ್ಗು ಮುರಿದದ್ದಲ್ಲ. ಸಿಪ್ಪೆಯ ಮೇಲೆ ಎರಡು ಹಲ್ಲಿನ ಗುರುತು, ನಡುವೆ ಸಂದು. ಆ ಮನೆಯಲ್ಲಿ ಮುಂದಿನ ಹಲ್ಲುಗಳ ನಡುವೆ ಸಂದು ಇದ್ದದ್ದು ಸೊಸೆಗೆ ಮಾತ್ರ.

ಬೈಯಲು ಬಾಯಿ ತೆರೆದವನು ಹಾಗೆಯೇ ನಿಂತ. ಅವಳ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಪ್ರತಿ ಹಬ್ಬಕ್ಕೂ ಮೊಗ್ಗು ಬೇರೆಯವರ ಮನೆಗೆ ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು, ಒಮ್ಮೆಯೂ ಕೇಳಿದವಳಲ್ಲ. ಬಸುರಿಯಲ್ಲದವಳು ಅದನ್ನೇಕೆ ಕಚ್ಚುತ್ತಾಳೆ?

"ಯಾರಿಗೂ ಹೇಳ್ಬೇಡಿ ಮಾವ," ಬ್ರಾಖಾ ಪಿಸುಗುಟ್ಟಿದಳು. "ಇನ್ನೂ ಎರಡೇ ತಿಂಗಳು. ಹಿಂದಿನ ಸಲ ಅತ್ತೆ ಊರಿಗೆಲ್ಲ ಹೇಳಿದ್ರು, ಬಸುರು ಉಳೀಲಿಲ್ಲ. ದೃಷ್ಟಿ ತಾಗುತ್ತೆ."

ಅಷ್ಟರಲ್ಲಿ ಶಿಫ್ರಾ ಚಪ್ಪರದೊಳಗೆ ಬಂದಳು. "ಪಿನ್ಖಸಣ್ಣ, ಎಲ್ಲಿ ನಮ್ಮ ಮೊಗ್ಗು?"

ಪಿನ್ಖಸ್ ಹಣ್ಣನ್ನು ಬೆನ್ನ ಹಿಂದೆ ಹಿಡಿದ. "ನಾನೇ ಕಚ್ಚಿಬಿಟ್ಟೆ ಕಣಮ್ಮ. ಮಂದಿರದಲ್ಲಿ ಕೇಳಿ ಇನ್ನೊಂದು ತಂದ್ಕೊಡ್ತೀನಿ."

ಶಿಫ್ರಾ ಅವನ ಗಡ್ಡದಿಂದ ಹೊಟ್ಟೆಯವರೆಗೆ ಕಣ್ಣಾಡಿಸಿದಳು. ಒಂದು ಮಾತನ್ನೂ ನಂಬಿರಲಿಲ್ಲ.

"ಎಷ್ಟು ತಿಂಗಳಣ್ಣ ನಿಮಗೆ?"

"ಎರಡು," ಎಂದ ಪಿನ್ಖಸ್, ಕಣ್ಣೊರೆಸಿಕೊಳ್ಳುತ್ತ. "ಯಾರಿಗೂ ಹೇಳ್ಬೇಡ."